ಅಕ್ಕನ ಎಡಗೈ ಶಾಲೆ

ರಕ್ತ ತೆಗೆಯುವ ಜಾಗದಲ್ಲಿ ನಗೋದಕ್ಕೆ ಏನಿರುತ್ತೆ ಅಂತ ನನ್ನ ಗಂಡ ಇವತ್ತಿಗೂ ಕೇಳ್ತಾನೆ. ಏನಿಲ್ಲ ಹೇಳಿ! ಬೆಳಗ್ಗೆ ಬಾಗಿಲು ತೆಗೆದರೆ ಸಾಕು, ಹೊಟ್ಟೆಗೆ ಏನೂ ಹಾಕದೆ, ಕಾಫಿಯೂ ಇಲ್ಲದೆ, ಮುಖ ಗಂಟು ಹಾಕಿಕೊಂಡ ಜನ ಸಾಲಾಗಿ ಕೂತಿರುತ್ತಾರೆ. ಅವರಿಗೆ ಸೂಜಿ ಕಂಡರೆ ಭಯ. ಚುಚ್ಚಬೇಕಾದ ನಮಗೆ ಅವರನ್ನು ಕಂಡರೆ ಭಯ. ಇಂಥ ಎರಡು ಪಂಗಡದವರು ಒಂದೇ ಕೋಣೆಯಲ್ಲಿ ಸೇರಿದ ಮೇಲೆ ಏನಾದರೊಂದು ಆಗದೆ ಇರುತ್ತಾ? ದಿನಾ ಆಗುತ್ತೆ.

ನಮ್ಮ ಲ್ಯಾಬು ಇರೋದು ಪ್ಲೆಸೆಂಟನ್‌ನಲ್ಲಿ, ಸುತ್ತಮುತ್ತ ಬರೀ ಆಫೀಸುಗಳೇ ಇರುವ ಕಡೆ. ನಾನು ಎವರ್‌ಗ್ರೀನ್‌ನ ಮನೆಯಿಂದ ಫ್ರೀವೇ ಹಿಡಿದು ಆಕಳಿಸಿಕೊಂಡು ಹೋಗಿ ಸೇರ್ತೀನಿ. ಅಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಿದ್ದವರು ಅಕ್ಕ. ಮಂಗಳೂರಿನವರು. ಮನೆಯಲ್ಲಿ ತುಳು, ನನ್ನ ಹತ್ತಿರ ಅವರೂರಿನ ಕನ್ನಡ, ಉಳಿದವರ ಹತ್ತಿರ ಇಂಗ್ಲಿಷು. ನಾನು ಅಕ್ಕ ಅಂತ ಕರೆದದ್ದು ಕೇಳಿ ಫಿಲಿಪೀನ್ಸಿನವರು, ಮೆಕ್ಸಿಕೋದವರು ಎಲ್ಲರೂ ಅಕ್ಕ ಅಂತಲೇ ಶುರುಮಾಡಿದರು. ಅವರಿಗಿಂತ ದೊಡ್ಡವನಾದ ಮ್ಯಾನೇಜರ್ ಕೂಡ ಅಕ್ಕ ಅಂತಲೇ. ಅಕ್ಕನ ಇಂಗ್ಲಿಷಿಗೂ ಮಂಗಳೂರಿನದೇ ಧಾಟಿ. ಹಾಗಾಗಿ ಅವರು ಯಾರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಿರಲಿ, ನಾನು ಮಂಗಳೂರು ಕನ್ನಡದಲ್ಲೇ ಹೇಳ್ತೀನಿ.

ಆ ಅಕ್ಕ ಈಗ ಲ್ಯಾಬಿಗೆ ಬರೋದಿಲ್ಲ. ಅದಕ್ಕೇ ಇದನ್ನೆಲ್ಲ ಹೇಳುವಾಗ ನಗುವೂ ಬರುತ್ತೆ, ಅಳುವೂ ಬರುತ್ತೆ. ಎರಡನ್ನೂ ಸಹಿಸಿಕೊಳ್ಳಿ.

ಉಪವಾಸದ ಕೈ

ಮೊದಲ ದಿನ ಅಕ್ಕ ನನ್ನ ಮುಂದೆ ಒಂದು ರಬ್ಬರ್ ಕೈ ತಂದಿಟ್ಟರು. ಒಳಗೆ ಸಣ್ಣ ಕೊಳವೆ, ಕೊಳವೆಯಲ್ಲಿ ಕೆಂಪು ನೀರು. ಎಲ್ಲೇ ಕಲಿತು ಬಂದಿರಲಿ, ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲು ಅದಕ್ಕೆ ಚುಚ್ಚಿ ತೋರಿಸಬೇಕು. ಇದೇನು ಮಹಾ ಅಂತ ನಾನು ಸೂಜಿ ಎತ್ತಿದೆ.

"ಏ, ಎಂತ ಮಾಡುದು ನೀನು? ಮೊದ್ಲು ಮಾತಾಡಿಸು."

"ಯಾರನ್ನ?"

"ಅದನ್ನೇ. ಅದು ಪೇಷಂಟ್ ಅಲ್ವಾ? ಹೆಸ್ರು ಕೇಳು, ಊಟ ಯಾವಾಗ ಮಾಡಿದ್ದು ಕೇಳು."

ನನಗೆ ಮೈಯೆಲ್ಲ ಉರಿದುಹೋಯಿತು. ಬೆಂಗಳೂರಿನಲ್ಲಿ ಡಿಗ್ರಿ ಮಾಡಿ, ಇಲ್ಲಿ ಮಗಳನ್ನು ಡೇಕೇರಿಗೆ ಬಿಟ್ಟು, ಮತ್ತೆ ಕೋರ್ಸು ಮುಗಿಸಿ, ಲೈಸೆನ್ಸು ತಗೊಂಡು ಬಂದವಳು ನಾನು. ಈಗ ರಬ್ಬರನ್ನು ಊಟ ಆಯ್ತಾ ಅಂತ ವಿಚಾರಿಸಬೇಕಾ? ಆದರೆ ಅಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯ ಹಾಗೆ ನಿಂತುಬಿಟ್ಟಿದ್ದರು.

ಅದು ಅವರ ಪದ್ಧತಿ. ಕಲಿಸುವವರ ಕೈ ಬೆನ್ನ ಹಿಂದೆ ಇರಬೇಕು. ಮುಂದೆ ಇದ್ದರೆ ಅದು ಸುಮ್ಮನಿರಲ್ಲ, ಕಲಿಯುವವರ ಕೆಲಸಕ್ಕೆ ನುಗ್ಗುತ್ತೆ, ಆಮೇಲೆ ಅವರು ಈ ಜನ್ಮದಲ್ಲಿ ಕಲಿಯಲ್ಲ ಅನ್ನೋರು. ಬಾಯಿಗೂ ಒಂದು ಕಟ್ಟಳೆ ಇತ್ತು. ತಪ್ಪು ಎತ್ತಿ ತೋರಿಸುವ ಮೊದಲು ಏನಾದರೂ ಒಂದು ಒಳ್ಳೆಯದನ್ನು ಹೇಳಬೇಕು. ಒಳ್ಳೆಯದು ಕಾಣದಿದ್ದರೆ ಹುಡುಕಿ ಹೇಳಬೇಕು.

ಬೇರೆ ದಾರಿ ಕಾಣದೆ ರಬ್ಬರ್ ಕೈಯ ಹತ್ತಿರ ಬಗ್ಗಿ, "ಕೊನೇ ಸಲ ಯಾವಾಗ ಊಟ ಮಾಡಿದ್ರಿ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಸರಿಯಾಗಿ ಅದೇ ಹೊತ್ತಿಗೆ ಮ್ಯಾನೇಜರ್ ಒಳಗೆ ಬರಬೇಕೆ! ನನ್ನನ್ನು ನೋಡಿದ, ಕೈಯನ್ನು ನೋಡಿದ, "ಏನಂತೆ?" ಅಂದ.

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಅಕ್ಕ ಮಾತ್ರ ಮುಖದಲ್ಲಿ ಒಂದು ಗೆರೆಯನ್ನೂ ಅಲ್ಲಾಡಿಸದೆ ಹೇಳಿದರು: "ಉಪವಾಸ ಉಂಟು ಪಾಪ. ಮಾತಾಡ್ಲಿಕ್ಕೆ ಶಕ್ತಿ ಇಲ್ಲ."

ಬೀಳುವ ಕ್ರಮ

ರಬ್ಬರ್ ಕೈ ಆದ ಮೇಲೆ ಅಕ್ಕನ ಕೈ. ನಮ್ಮ ಲ್ಯಾಬಿನಲ್ಲಿ ಯಾರೇ ಸೇರಿದರೂ ಮೊದಲ ಸೂಜಿ ಅಕ್ಕನ ಎಡಗೈಗೇ ಬೀಳಬೇಕು. ಹಾಗಂತ ಯಾರೂ ನಿಯಮ ಮಾಡಿದ್ದಲ್ಲ, ಅಕ್ಕನೇ ಅಂಗಿಯ ತೋಳು ಮಡಚಿ ಕುರ್ಚಿಯಲ್ಲಿ ಕೂತುಬಿಡೋರು. "ನಿನ್ನ ತಪ್ಪೆಲ್ಲ ನಂಗೆ ಆಗ್ಲಿ, ಪಬ್ಲಿಕ್ಕಿಗೆ ಬೇಡ" ಅನ್ನೋರು. ಎಷ್ಟು ಜನ ಆ ಮೊಣಕೈ ಮಡಿಕೆಯಲ್ಲಿ ಕೆಲಸ ಕಲಿತರೋ ಏನೋ. ಅದೊಂದು ಶಾಲೆ.

ಕೋರ್ಸಿನಲ್ಲಿ ಬೇಕಾದಷ್ಟು ಜನರಿಗೆ ಚುಚ್ಚಿ ಬಂದಿದ್ದೆ, ಆದರೂ ಅಕ್ಕನ ಎದುರಿಗೆ ಕಲಿತದ್ದೆಲ್ಲ ಹಾರಿಹೋಯಿತು. ಅದರ ಮೇಲೆ ಗಾಬರಿಯಲ್ಲಿ ತಿಂಡಿ ಬೇರೆ ತಿಂದಿರಲಿಲ್ಲ. ಲ್ಯಾಬಿನಲ್ಲಿ ಉಪವಾಸ ಇರಬೇಕಾದವರು ಪೇಷಂಟುಗಳು, ನಾವಲ್ಲ! ತೋಳಿಗೆ ರಬ್ಬರ್ ಪಟ್ಟಿ ಬಿಗಿದೆ, ನರ ಹುಡುಕಿದೆ, ಚುಚ್ಚಿದೆ. ರಕ್ತ ಸರಾಗ ಬಂತು. ಅಯ್ಯೋ ಬಂತಲ್ಲ ಅಂತ ಖುಷಿಪಟ್ಟದ್ದೊಂದು ನೆನಪಿದೆ. ಆಮೇಲೆ ನೆನಪಿರೋದು ಮೇಲುಗಡೆಯ ಟ್ಯೂಬ್‌ಲೈಟು.

ಚುಚ್ಚಿಸಿಕೊಂಡವರು ಗಟ್ಟಿಯಾಗಿ ಕೂತಿದ್ದಾರೆ, ಚುಚ್ಚಿದವಳು ನೆಲದ ಮೇಲೆ ಬಿದ್ದಿದ್ದಾಳೆ. ಅಕ್ಕ ಬಲಗೈಯಿಂದ ತಾವೇ ಪಟ್ಟಿ ಬಿಚ್ಚಿ, ತಾವೇ ಸೂಜಿ ತೆಗೆದು, ತಾವೇ ಹತ್ತಿ ಒತ್ತಿಕೊಂಡು, ನನ್ನ ಪಕ್ಕ ಮೊಣಕಾಲೂರಿ ಕೂತರು. ಕಣ್ಣು ಬಿಟ್ಟೆ.

"ಒಳ್ಳೇ ನರ ಹಿಡಿದಿ. ಒಂದೇ ಸಲಕ್ಕೆ ಹೋಯ್ತು, ಗೊತ್ತೇ ಆಗ್ಲಿಲ್ಲ" ಅಂದರು. ಒಳ್ಳೆಯದು ಮೊದಲು! "ಈಗ ಹೇಳು, ತಪ್ಪಿದ್ದೆಂತ?"

"ಬಿದ್ದೆ, ಅಕ್ಕ."

"ಬೀಳುದು ತಪ್ಪಲ್ಲ. ಅದಕ್ಕಿಂತ ಮೊದ್ಲು?"

ಮಲಗಿದಲ್ಲೇ ಯೋಚನೆ ಮಾಡಿದೆ. ಸೂಜಿ ತೆಗೆಯುವ ಮೊದಲು ತೋಳಿನ ಪಟ್ಟಿ ಬಿಚ್ಚಬೇಕು. ಇಲ್ಲದಿದ್ದರೆ ಆ ಜಾಗ ಊದಿಕೊಂಡು ನೀಲಿಗಟ್ಟುತ್ತೆ. ಕೋರ್ಸಿನ ಮೊದಲ ದಿನದ ಪಾಠ ಅದು. "ಪಟ್ಟಿ ಬಿಚ್ಚಲಿಲ್ಲ" ಅಂದೆ.

"ಹಾಂ, ಅದು. ಬೀಳುದಾದ್ರೆ ಬೀಳು ಮಾರಾಯ್ತಿ, ಆದ್ರೆ ಮೊದ್ಲು ಪಟ್ಟಿ ಬಿಚ್ಚಿ ಬೀಳು."

ಎಕ್ಸಿಟ್ ತಪ್ಪಿತು

ನಾನು ಸೇರಿ ಎಷ್ಟೋ ವರ್ಷ ಆದ ಮೇಲೆ ಬಂದವನು ಟ್ರಕ್ಕಣ್ಣ. ಆ ಹೆಸರು ನಾನೂ ಅಕ್ಕನೂ ಸೇರಿ ಇಟ್ಟದ್ದು. ಟ್ರೇಸಿ ಊರಿನ ಕಡೆಯವನು, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಷ್ಟು ದೊಡ್ಡ ಆಳು. ಅರ್ಧ ಆಯಸ್ಸು ದೊಡ್ಡ ಟ್ರಕ್ಕು ಓಡಿಸಿ, ಬೆನ್ನು ಕೈಕೊಟ್ಟ ಮೇಲೆ, ಐವತ್ತರ ಹತ್ತಿರ ಕೋರ್ಸು ಮಾಡಿ ನಮ್ಮ ಕೆಲಸಕ್ಕೆ ಬಂದಿದ್ದ. ಮನಸ್ಸು ಮಾತ್ರ ಬೆಣ್ಣೆ. ಪೇಷಂಟು "ಸ್ಸ್" ಅಂದರೆ ಸಾಕು, ಇವನ ಕಣ್ಣಲ್ಲಿ ನೀರು.

ನರ ಸಿಗದಿದ್ದರೆ ಅವನು ಗಾಬರಿಬಿದ್ದು ಸೂಜಿಯನ್ನು ಒಳಗೇ ಅತ್ತಿತ್ತ ಎಳೆದಾಡುತ್ತಿದ್ದ. ಪುಸ್ತಕದ ಮಾತಿನಲ್ಲಿ ಹೇಳಿ ಹೇಳಿ ನಮಗೆ ಸಾಕಾಯಿತು. ಅಕ್ಕ ಒಂದು ದಿನ ಅವನ ಹಿಂದೆ ಕೈಕಟ್ಟಿ ನಿಂತು ಕೇಳಿದರು: "ಫ್ರೀವೇ ಮೇಲೆ ಇಳಿಯುವ ಎಕ್ಸಿಟ್ ತಪ್ಪಿದ್ರೆ ರಿವರ್ಸ್ ತೆಗೀತೀಯಾ?"

"ಇಲ್ಲ."

"ಎಲ್ಲಾ ಲೇನ್ ದಾಟಿ ಅಡ್ಡಕ್ಕೆ ನುಗ್ತೀಯಾ?"

"ಇಲ್ಲ ಅಕ್ಕ, ಸತ್ತೇಹೋಗ್ತಾರೆ!"

"ಮತ್ತೆ ಇಲ್ಲಿ ಯಾಕೆ ನುಗ್ಗುದು? ನಿಲ್ಲು. ಬೆರಳಿಂದ ನೋಡು. ಮುಂದಿನ ಎಕ್ಸಿಟ್ ತಗೋ."

ಅವನ ಮುಖ ಅರಳಿತು. ಅಲ್ಲಿಂದ ಮುಂದೆ ಕೈ ಹದಕ್ಕೆ ಬಂತು. ಆದರೆ ಪಾಠ ಸ್ವಲ್ಪ ಜಾಸ್ತಿಯೇ ತಲೆಗೆ ಹತ್ತಿತ್ತು ಅಂತ ಕಾಣುತ್ತೆ. ವಾಲ್ನಟ್ ಕ್ರೀಕ್‌ನಿಂದ ಬಂದಿದ್ದ ಒಬ್ಬ ಅಜ್ಜಿಗೆ ಚುಚ್ಚಿ, ನರ ಸಿಗದೆ, "ಛೆ, ಎಕ್ಸಿಟ್ ತಪ್ಪಿತು" ಅಂತ ಗಟ್ಟಿಯಾಗಿಯೇ ಅಂದುಬಿಟ್ಟ. ನಾವೆಲ್ಲ ಉಸಿರು ಹಿಡಿದೆವು. ಅಜ್ಜಿ ಕನ್ನಡಕದ ಮೇಲಿಂದ ಅವನನ್ನು ನೋಡಿ, "ಪರವಾಗಿಲ್ಲಪ್ಪ, ನನಗೇನೂ ಅವಸರ ಇಲ್ಲ. ಆದರೆ ಈ ರೋಡಿಗೆ ನಾನು ಟೋಲ್ ಕೊಡೋದಿಲ್ಲ" ಅಂದರು.

ಒಂದು ವಿಷಯ ಮಾತ್ರ ನನಗೆ ವಿಚಿತ್ರ ಅನ್ನಿಸಿತ್ತು. ಟ್ರಕ್ಕಣ್ಣನಿಗೆ ಅಕ್ಕ ತಮ್ಮ ಎಡಗೈ ಕೊಟ್ಟಿರಲಿಲ್ಲ. "ಈಗ ಬೇಡ, ಆಮೇಲೆ ನೋಡುವ" ಅಂತ ಮುಂದಕ್ಕೆ ಹಾಕುತ್ತಲೇ ಇದ್ದರು.

ನಮಸ್ಕಾರದ ವಾರ

ಆ ವರ್ಷ ಅಕ್ಕ ಪೇಷಂಟುಗಳ ರಕ್ತ ತೆಗೆಯೋದನ್ನೇ ನಿಲ್ಲಿಸಿಬಿಟ್ಟಿದ್ದರು. ಕಷ್ಟದ ಕೇಸು ಬಂದರೂ "ನೀನು ಮಾಡು, ನಿನಗೆ ಪ್ರಾಕ್ಟೀಸ್ ಆಗ್ಲಿ" ಅನ್ನೋರು. ಮೊದಲೆಲ್ಲ ಅಂಥ ಕೇಸಿಗೆ ನಾವು ಓಡಿಹೋಗಿ ಕರೀತಿದ್ದದ್ದು ಅವರನ್ನೇ. ಎಂಥ ದೊಡ್ಡ ಮನಸ್ಸು, ನಮ್ಮನ್ನು ಬೆಳೆಸ್ತಿದ್ದಾರೆ ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮ್ಯಾನೇಜರ್‌ಗೂ ಅದೇ ಅನ್ನಿಸಿ, ಸಹೋದ್ಯೋಗಿಗಳನ್ನು ಬೆಳೆಸಿದ್ದಕ್ಕೆ ಅಂತ ಒಂದು ಪ್ರಶಸ್ತಿ ಕೊಡಿಸಿದ. ಕೇಕು, ಬಲೂನು, ಎಲ್ಲ ಬ್ರಾಂಚಿನವರೂ ಬಂದಿದ್ದರು.

ಅವನು ಕೈಕುಲುಕೋಕೆ ಕೈ ಚಾಚಿದ. ಅಕ್ಕ ಅವನ ಕೈ ಮುಟ್ಟಲಿಲ್ಲ. ಎರಡೂ ಕೈ ಬಿಗಿಯಾಗಿ ಜೋಡಿಸಿ, ಎದೆಗೆ ಒತ್ತಿಕೊಂಡು, ತಲೆ ಬಗ್ಗಿಸಿ ನಮಸ್ಕಾರ ಮಾಡಿದರು. ಅವನು ಪುಳಕಗೊಂಡು ತಾನೂ ಮಾಡಿದ. ಫೋಟೋ ಆಯಿತು, ಚಪ್ಪಾಳೆ ಆಯಿತು. ಮಾರನೇ ದಿನದಿಂದ ಇಡೀ ಲ್ಯಾಬು ನಮಸ್ಕಾರಕ್ಕೆ ಬಿತ್ತು. ರಿಸೆಪ್ಷನ್‌ನಲ್ಲಿ ನಮಸ್ಕಾರ, ಸೂಜಿಗೆ ಮೊದಲು ನಮಸ್ಕಾರ, ಹತ್ತಿ ಅಂಟಿಸಿದ ಮೇಲೆ ನಮಸ್ಕಾರ. ಬಸವನಗುಡಿಯವರೊಬ್ಬರು ಮಗಳ ಮನೆಗೆ ಬಂದವರು ಸಕ್ಕರೆ ಕಾಯಿಲೆಯ ಟೆಸ್ಟಿಗೆ ಬಂದಿದ್ದರು. ಬಾಗಿಲಲ್ಲಿ ಟ್ರಕ್ಕಣ್ಣ ಅಷ್ಟೆತ್ತರದಿಂದ ಬಗ್ಗಿ ಕೈಮುಗಿದದ್ದು ನೋಡಿ ಬೆದರಿ, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಏನಮ್ಮಾ, ಇಲ್ಲಿ ರಕ್ತ ತಗೋತಾರಾ, ತೀರ್ಥ ಕೊಡ್ತಾರಾ?"

ನಾನೂ ಎಲ್ಲರ ಜೊತೆ ಬಿದ್ದುಬಿದ್ದು ನಕ್ಕೆ. ಮನೆಗೆ ಹೋಗುವಾಗ ಫ್ರೀವೇ ಮೇಲೆ ನಗು ನಿಂತುಹೋಯಿತು. ಅಕ್ಕ ಯಾವತ್ತೂ ಯಾರಿಗೂ ನಮಸ್ಕಾರ ಮಾಡಿದವರಲ್ಲ, ಎದುರು ಸಿಕ್ಕವರ ಬೆನ್ನಿಗೆ ಒಂದು ಗುದ್ದಿ "ಎಂತ?" ಅನ್ನುವ ಜಾತಿ. ಜೋಡಿಸಿದ ಆ ಕೈಗಳನ್ನು ನಾನು ಹತ್ತಿರದಿಂದ ನೋಡಿದ್ದೆ. ಎದೆಗೆ ಅಷ್ಟು ಒತ್ತಿ ಹಿಡಿದಿದ್ದರೂ ಅವು ನಡುಗುತ್ತಿದ್ದವು.

ಒಂದು ಒಳ್ಳೆಯದು

ಕೇಳಲೋ ಬೇಡವೋ ಅಂತ ನಾನು ಒದ್ದಾಡುತ್ತಿದ್ದಾಗ ಅಕ್ಕನೇ ಹೇಳಿದರು. ಮಧ್ಯಾಹ್ನ ಊಟದ ಹೊತ್ತು, ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರೊಳಗೆ ಕೂತಿದ್ದೆವು. ಅವರ ಮಡಿಲಲ್ಲಿ ನೀರುದೋಸೆ, ಚಟ್ನಿಯ ಡಬ್ಬಿ.

"ಪಾರ್ಕಿನ್‌ಸನ್ ಅಂತೆ ಮಾರಾಯ್ತಿ. ನಡುಕ ಬಲಗೈಯಲ್ಲಿ ಸುರು ಆದದ್ದು, ಈಗ ಎಡಗೈ ಸಹ."

ಅವರು ಚಟ್ನಿ ಡಬ್ಬಿಯ ಮುಚ್ಚಳ ತೆಗೆಯೋಕೆ ಹೋದರು. ಬೆರಳು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನರ ಎಲ್ಲಿದೆ ಅಂತ ಕಣ್ಣುಮುಚ್ಚಿ ಹೇಳುತ್ತಿದ್ದ ಬೆರಳುಗಳು ಅವು. ನಾನು ತಡೆಯಲಾರದೆ ಡಬ್ಬಿಗೆ ಕೈಹಾಕಿದೆ.

"ಕೈ ಹಿಂದೆ!" ಅಂದರು. ಲ್ಯಾಬಿನ ಧ್ವನಿಯಲ್ಲೇ.

ಸ್ಟೀರಿಂಗ್ ಮುಂದೆ ಕೂತು ಎರಡೂ ಕೈ ಬೆನ್ನ ಹಿಂದೆ ಸಿಕ್ಕಿಸಿಕೊಂಡೆ. ಒಂದು ಮುಚ್ಚಳ ತೆಗೆಯೋದನ್ನು ಸುಮ್ಮನೆ ನೋಡಿಕೊಂಡು ಕೂರೋದು ಅಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಅಕ್ಕ ತುಟಿ ಕಚ್ಚಿ, ಡಬ್ಬಿಯನ್ನು ಮೊಣಕಾಲಿನ ನಡುವೆ ಒತ್ತಿ, ಶಕ್ತಿಯೆಲ್ಲ ಹಾಕಿ ಎಳೆದರು. ಠಪ್ ಅಂತ ಬಿಚ್ಚಿತು. ಚಟ್ನಿ ಅಷ್ಟೂ ಹಾರಿ ಗಾಜಿಗೆ, ಡ್ಯಾಶ್‌ಬೋರ್ಡಿಗೆ, ನನ್ನ ಮುಖಕ್ಕೆ.

ನನ್ನ ಕಣ್ಣಿಂದ ನೀರು ಇಳೀತಿತ್ತು, ಅರ್ಧ ಖಾರಕ್ಕೆ, ಅರ್ಧ ಅದಕ್ಕಲ್ಲ.

"ಅಳುದು ಮತ್ತೆ. ಮೊದ್ಲು ಒಂದು ಒಳ್ಳೇದು ಹೇಳು" ಅಂದರು ಅಕ್ಕ.

ಹುಡುಕಿದೆ. ನಿಜವಾಗಿಯೂ ಹುಡುಕಿದೆ. ಆ ಕಾಯಿಲೆಯಲ್ಲಿ, ಆ ಕಾರಿನಲ್ಲಿ, ಒಂದೂ ಸಿಗಲಿಲ್ಲ. ಕೊನೆಗೆ ಅಕ್ಕನೇ ಗಾಜಿನ ಮೇಲಿಂದ ಚಟ್ನಿಯನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟುಕೊಂಡು ಹೇಳಿದರು: "ಉಪ್ಪು ಸರಿ ಉಂಟು."

ಅಲ್ಲಾಡುವ ಕೈ

ಅಕ್ಕ ಕೆಲಸ ಬಿಡುವ ನಿರ್ಧಾರ ಮಾಡಿದರು. ಮ್ಯಾನೇಜರ್‌ಗೂ ತಾವೇ ಹೋಗಿ ಎಲ್ಲ ಹೇಳಿದರು. ಅವನು ಪಾಪ, ಕೂತು ಮಾಡುವ ಕೆಲಸ ಕೊಡ್ತೀನಿ ಅಂದ. ಬೇಡ ಅಂದರು, ಕಾಲೂ ಹಠ ಹಿಡಿಯೋಕೆ ಶುರುಮಾಡಿತ್ತು. ಅವರಿಗೆ ಉಳಿದಿದ್ದ ಆಸೆ ಒಂದೇ. ಟ್ರಕ್ಕಣ್ಣ ದಡ ಸೇರಬೇಕು.

ಅವನ ಕಥೆ ಹೀಗಿತ್ತು. ಕೆಲಸ ಕಾಯಂ ಆಗಬೇಕಾದರೆ ಮ್ಯಾನೇಜರ್ ಎದುರಿಗೆ ಒಬ್ಬರ ರಕ್ತ ತೆಗೆದು ತೋರಿಸಬೇಕು. ಮೊದಲ ಸಲ ಪೇಷಂಟು ಕೈ ಸ್ವಲ್ಪ ಅಲ್ಲಾಡಿಸಿದರು ಅಷ್ಟೇ, ಇವನು ಸೂಜಿ ಕಿತ್ತು, ಸಾರಿ ಸಾರಿ ಅಂತ ಗೋಗರೆದು, ಕೊನೆಗೆ ಪೇಷಂಟೇ ಇವನಿಗೆ ನೀರು ಕುಡಿಸಿ ಸಮಾಧಾನ ಮಾಡಬೇಕಾಯಿತು. ಫೇಲು. ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಈ ಕೆಲಸ ಇಲ್ಲ, ಟ್ರಕ್ಕಿಗೆ ವಾಪಸ್ ಹೋಗೋಕೆ ಬೆನ್ನಿಲ್ಲ.

"ನೆಟ್ಟಗಿರುವ ಕೈಗೆ ಎಷ್ಟು ಬೇಕಾದರೂ ಚುಚ್ತೀನಿ ಅಕ್ಕ. ಅಲ್ಲಾಡಿದರೆ ನನ್ನ ಪ್ರಾಣವೇ ಹೋಗುತ್ತೆ" ಅಂದ, ಊಟದ ಕೋಣೆಯಲ್ಲಿ ನಮ್ಮೆಲ್ಲರ ಎದುರಿಗೇ.

ಅಕ್ಕ ಅವನನ್ನು ಒಂದು ಗಳಿಗೆ ನೋಡಿದರು. ಅಷ್ಟು ದಿನ ಬೆನ್ನ ಹಿಂದೆ ಅಡಗಿಸಿಟ್ಟಿದ್ದ ಕೈಗಳನ್ನು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟರು. ಮೇಜಿನ ಮೇಲಿದ್ದ ಚಮಚ ಟಕಟಕ ಅಂತು.

"ಅಲ್ಲಾಡುವ ಕೈ ಬೇಕಾ?" ಅಂದರು. "ನನ್ನ ಹತ್ರ ಎರಡುಂಟು."

ಮ್ಯಾನೇಜರ್ ಬೇಡ ಅಂದ, ನಾನೂ ಬೇಡ ಅಂದೆ. ಅಕ್ಕ ಕೇಳಬೇಕಲ್ಲ! "ಈ ಲ್ಯಾಬಿನಲ್ಲಿ ಎಲ್ಲರ ಮೊದಲ ಸೂಜಿ ನನ್ನ ಕೈಗೆ. ಇವನದ್ದೊಂದು ಬಾಕಿ ಉಂಟು" ಅಂದರು. ತಮ್ಮ ಕೊನೆಯ ದಿನವೇ ಅವನ ಪರೀಕ್ಷೆ ಇಡಿಸಿದರು.

ಆ ದಿನ ಅಕ್ಕ ಪೇಷಂಟಿನ ಕುರ್ಚಿಯಲ್ಲಿ ಕೂತು ಎಡಗೈ ಚಾಚಿದರು. ಒಂದು ಪಕ್ಕ ಮ್ಯಾನೇಜರ್. ಗೋಡೆಗೆ ಒರಗಿ ನಾವೆಲ್ಲ, ಆ ಕೈಯಲ್ಲೇ ಕಲಿತವರು, ಸಾಲಾಗಿ, ಯಾರೂ ಹೇಳದೆಯೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆವು. ಕುರ್ಚಿಯ ತೋಳಿನ ಮೇಲೆ ಅಕ್ಕನ ಕೈ ನಡುಗುತ್ತಲೇ ಇತ್ತು. ಹೋಗಿ ಹಿಡಿದುಬಿಡಬೇಕು ಅಂತ ನನ್ನ ಬೆರಳೆಲ್ಲ ಚಡಪಡಿಸಿದವು. ಹಿಡಿಯುವ ಹಾಗಿಲ್ಲ.

ಟ್ರಕ್ಕಣ್ಣ ಅಕ್ಕನ ಹೆಸರು ಕೇಳಿದ. ಊಟ ಯಾವಾಗ ಮಾಡಿದ್ದು ಅಂತ ಕೇಳಿದ. ತೋಳಿಗೆ ಪಟ್ಟಿ ಬಿಗಿದ. ಸೂಜಿ ಕೈಗೆ ತಗೊಂಡು ಕಲ್ಲಾಗಿ ನಿಂತುಬಿಟ್ಟ. ಹಣೆಯಿಂದ ಬೆವರು ಇಳೀತಿತ್ತು. ಆಯ್ತು ಇವನ ಕಥೆ ಅಂದುಕೊಂಡೆ.

"ಜೋರು ಗಾಳಿ ಉಂಟು ಇವತ್ತು," ಅಂದರು ಅಕ್ಕ ಮೆಲ್ಲಗೆ. "ಅಂಥಾ ಗಾಳಿಗೆ ನೀನು ಟ್ರಕ್ಕು ಹೇಗೆ ಬಿಡ್ತಿದ್ದೆ?"

ಅವನು ಉಸಿರು ಬಿಟ್ಟ. "ಸ್ಟೀರಿಂಗ್ ಬಿಗಿಯಾಗಿ ಹಿಡೀಬಾರದು ಅಕ್ಕ. ಗಾಡಿ ಅಲ್ಲಾಡಿದ ಹಾಗೆ ನಾವೂ ಅಲ್ಲಾಡಬೇಕು" ಅಂದ. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಹೊಳೆಯಿತು ಅಂತ ಕಾಣುತ್ತೆ. ತನ್ನ ಆ ದೊಡ್ಡ ಮುಂಗೈಯನ್ನು ಅಕ್ಕನ ತೋಳಿನ ಕೆಳಗೆ ಇಟ್ಟ. ಅದುಮಿ ಹಿಡಿಯಲಿಲ್ಲ, ಸುಮ್ಮನೆ ಆತುಕೊಂಡ. ಅಕ್ಕನ ಕೈ ಅಲ್ಲಾಡಿದ ಹಾಗೆ ಅವನ ಕೈಯೂ ಅಲ್ಲಾಡಿತು. ಎರಡೂ ಕೈ ಒಂದೇ ಲಯಕ್ಕೆ ಬಂದಾಗ ಚುಚ್ಚಿದ.

ಒಂದೇ ಸಲಕ್ಕೆ ರಕ್ತ ಬಂತು.

ಅಕ್ಕ ಕಣ್ಣುಮುಚ್ಚಿ ಕುರ್ಚಿಗೆ ಒರಗಿದರು. ಅಷ್ಟು ನೆಮ್ಮದಿಯ ಮುಖವನ್ನು ನಾನು ತಿಂಗಳುಗಟ್ಟಲೆ ನೋಡಿರಲಿಲ್ಲ. ಟ್ಯೂಬು ತುಂಬಿತು. ಟ್ರಕ್ಕಣ್ಣ ಅದನ್ನು ನೋಡಿದ, ಅಕ್ಕನ ಮುಖ ನೋಡಿದ, ಅಲ್ಲಿಗೆ ಅವನ ಕಟ್ಟೆ ಒಡೆಯಿತು. ಬಿಕ್ಕಿಬಿಕ್ಕಿ ಅಳತೊಡಗಿದ. ಸೂಜಿ ಇನ್ನೂ ಅಕ್ಕನ ಕೈಯೊಳಗೇ ಇದೆ, ಪಟ್ಟಿ ಇನ್ನೂ ತೋಳಿಗೆ ಬಿಗಿದೇ ಇದೆ! ಹಾಗೇ ಸೂಜಿ ಎಳೆದನೋ, ಪರೀಕ್ಷೆ ಹೋಯಿತು, ಕೆಲಸ ಹೋಯಿತು. ಮ್ಯಾನೇಜರ್ ಅವನ ಕೈಯನ್ನೇ ನೋಡ್ತಿದ್ದಾನೆ. ನಾವೆಲ್ಲರೂ ಆ ಪಟ್ಟಿಯನ್ನೇ ನೋಡ್ತಿದ್ದೀವಿ. ಬಾಯಿ ಬಿಡುವ ಹಾಗಿಲ್ಲ. ನಮ್ಮ ಕೆನ್ನೆಯ ಮೇಲೂ ನೀರು ಇಳೀತಿದೆ, ಕೈ ಹಿಂದೆ ಇರೋದರಿಂದ ಒರೆಸಿಕೊಳ್ಳೋಕೂ ಆಗ್ತಿಲ್ಲ.

ಅವನ ಬೆರಳು ಸೂಜಿಯ ಕಡೆ ಹೋಯಿತು.

ಅಕ್ಕ ಒಂದು ಕಣ್ಣು ತೆರೆದರು. ತೋಳಿನ ಕಡೆ ಒಮ್ಮೆ ನೋಡಿ, ಅವನ ಕಡೆ ತಿರುಗಿ, ಈ ಸಲ ಇಂಗ್ಲಿಷು ಮರೆತು, ನಿಜವಾಗಿಯೂ ಕನ್ನಡದಲ್ಲೇ ಹೇಳಿದರು:

"ನೋವೇ ಆಗ್ಲಿಲ್ಲ, ಲಾಯ್ಕ ಮಾಡಿದಿ. ಅಳುದಾದ್ರೆ ಅಳು ಮಾರಾಯ, ಆದ್ರೆ ಮೊದ್ಲು ಪಟ್ಟಿ ಬಿಚ್ಚಿ ಅಳು."

ಟ್ರಕ್ಕಣ್ಣನಿಗೆ ಒಂದಕ್ಷರ ಕನ್ನಡ ಬಾರದು. ಆದರೂ ಮೊದಲು ಪಟ್ಟಿ ಬಿಚ್ಚಿದ, ಸೂಜಿ ತೆಗೆದ, ಹತ್ತಿ ಒತ್ತಿ ಹಿಡಿದ. ಮ್ಯಾನೇಜರ್ ಪಾಸು ಅಂದ ಮೇಲೆ, ಅಕ್ಕ ಹೇಳಿದ ಹಾಗೆ, ಮತ್ತೆ ಅತ್ತ.